ಆಯಿಗೆ ವಾಕರ್ ಬಂತು

ವಾಕರ್ ಎಂದರೆ ನಾಲ್ಕು ಕಾಲು, ಎರಡು ಹಿಡಿಕೆ. ಇದರಲ್ಲಿ ತಪ್ಪುವುದಕ್ಕೆ ಏನಿದೆ? ಗೋಕಾಕದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವನು ನಾನು. ನಾಲ್ಕರವರೆಗಿನ ಎಣಿಕೆಯಲ್ಲಿ ನನ್ನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ನನಗಂತೂ ಇರಲೇ ಇಲ್ಲ!

ಕಲ್ಲೋಳಿಯಲ್ಲಿ ನನ್ನ ಹೆಂಡತಿ ಕಸ್ತೂರಿಯ ಅಜ್ಜಿ ಇದ್ದಾಳೆ, ಮಾಳವ್ವ. ಎಲ್ಲರಿಗೂ ಆಯಿ. ಎಂಬತ್ತು ದಾಟಿದ ಕುರುಬರ ಹೆಣ್ಣುಮಗಳು. ಮನೆಯಿಂದ ಕುರಿದೊಡ್ಡಿಗೆ ನೂರು ಹೆಜ್ಜೆ. ಉಣ್ಣೆ ಕತ್ತರಿಸುವ ದಿನ ಆಯಿ ಅಲ್ಲಿ ಕೂತು ಕರಿ ಉಣ್ಣೆ, ಕಂದು ಉಣ್ಣೆ ಬೇರೆ ಮಾಡಬೇಕು. ಕಣ್ಣು ಮಸುಕಾದರೂ ಬೆರಳಿಗೆ ಬಣ್ಣ ತಿಳಿಯುತ್ತದೆ ಎಂದು ಮನೆಯವರ ನಂಬಿಕೆ. ಆದರೆ ಹೋದ ತಿಂಗಳು ಅಂಗಳದ ಕೆಸರಿನಲ್ಲಿ ಆಯಿ ಜಾರಿದಳು. ಮೂಳೆ ಮುರಿಯಲಿಲ್ಲ. ಮಗನ ಧೈರ್ಯ ಮುರಿಯಿತು.

ಆ ಮಗ ಎಂದರೆ ನನ್ನ ಮಾವ ಬೀರಪ್ಪ. ಅವರು ತೀರ್ಪು ಕೊಟ್ಟರು: "ಯವ್ವಾ, ಇನ್ ಮ್ಯಾಲೆ ಒಬ್ಬಾಕಿ ದೊಡ್ಡಿಗೆ ಹೋಗೂದು ಬಂದ್. ಯಾರರ ಕೈ ಹಿಡಕೊಂಡ ಕರಕೊಂಡ ಹೋಗ್ತಾರ."

"ಕೈ ಹಿಡಕೊಂಡ ಹೋಗಾಕ ನಾ ಏನ ಮದಲಗಿತ್ತಿ ಏನೋ?" ಎಂದಳು ಆಯಿ. "ಹೋದ್ರ ಒಬ್ಬಾಕೀನ ಹೋಗ್ತೇನಿ. ಇಲ್ಲಂದ್ರ ಇಲ್ಲ. ಉಣ್ಣಿ ನೀವ ಆರಿಸ್ಕೋರಿ."

ಉಣ್ಣೆ ಕತ್ತರಿಸುವುದಕ್ಕೆ ಮೂರೇ ದಿನ ಉಳಿದಿತ್ತು. ತಾಯಿ-ಮಗ ಮಾತು ಬಿಟ್ಟರು. ಆಗ ನಾನು ಎದ್ದು ನಿಂತು, "ಮನುಷ್ಯನ ಸ್ವಾತಂತ್ರ್ಯಕ್ಕೆ ವಿಜ್ಞಾನ ದಾರಿ ಮಾಡಿದೆ" ಎಂದು ಘೋಷಿಸಿದೆ. "ನೀವು ಆಗ ಚುರಮರಿ ತಿನ್ನಾಕತ್ತಿದ್ರಿ, ಎದ್ದೂ ಇಲ್ಲ, ಏನೂ ಅಂದೂ ಇಲ್ಲ" ಎನ್ನುತ್ತಾಳೆ ಕಸ್ತೂರಿ. ಇರಬಹುದು. ನನ್ನ ನೆನಪು ಯಾವಾಗಲೂ ನನಗೇ ಒಳ್ಳೆಯ ಮಾತುಗಳನ್ನು ಕೊಡುತ್ತದೆ. ಅದಕ್ಕೇ ಅದರ ಮೇಲೆ ನನಗೆ ಸಂಶಯ.

ಕಸ್ತೂರಿ ಕಲ್ಲೋಳಿಯಲ್ಲೇ ಉಳಿದಳು. ನಾನು ಗೋಕಾಕಕ್ಕೆ ಬಂದು ಔಷಧದ ಅಂಗಡಿಯಲ್ಲಿ ವಾಕರ್ ತರಿಸಲು ಹೇಳಿದೆ. ಉಣ್ಣೆ ಕತ್ತರಿಸುವ ಮುನ್ನಾದಿನ ಅದು ಬಂತು. ಬಸ್ ನಿಲ್ದಾಣದಿಂದಲೇ ಮಾವನಿಗೆ ಫೋನ್ ಹಚ್ಚಿದೆ. ಅವರು ಕಬ್ಬಿಗೆ ನೀರು ಬಿಡುತ್ತಿದ್ದರು. ಅವರ ಕಡೆ ಪಂಪು, ನನ್ನ ಕಡೆ ಹಾರ್ನು.

"ಮಾವಾರ, ಆಯಿಗೆ ವಾಕರ್ ಬಂತು!"

"ಏನ್ ಬಂತು?"

"ವಾಕರ್ರೀ! ವಾಕರ್ರೀ!"

"ಅಯ್ಯ ಶಿವನ! ಯಾವಾಗಿಂದ?"

"ಈಗ ಬಂತ್ರಿ, ಹತ್ತ ನಿಮಿಷ ಆತು. ನೀವೇನ ಮಾಡಬ್ಯಾಡ್ರಿ. ನಾ ಬಂದ ನಿಲ್ಲಸ್ತೇನಿ."

"ನೀವ ನಿಲ್ಲಸ್ತೀರಿ? ಡಾಕ್ಟರ್ ಬ್ಯಾಡೇನ್ರಿ?"

"ಡಾಕ್ಟರ್ ಯಾಕ್ರಿ? ಕಾಗದದಾಗ ಎಲ್ಲಾ ಬರದಾರ, ಓದಿ ಮಾಡ್ತೇನಿ."

ಫೋನು ಕಟ್ಟಾಯಿತು. ವಾಕರ್ ಎಂದಷ್ಟೇ ಹೇಳಿದ್ದರೆ ಬದುಕುತ್ತಿದ್ದೆ. ಮಾವನೆಂದು ಮರ್ಯಾದೆಗೆ ಒಂದು 'ರೀ' ಸೇರಿಸಿದೆ. ಅದು ಪಂಪಿನ ಸದ್ದಿನಲ್ಲಿ ವಾಕರಿಕೆಯಾಗಿ ಹೋಗಿ ಅವರ ಕಿವಿಗೆ ಬಿತ್ತು! ಮನೆಯಲ್ಲಿದ್ದ ಕಸ್ತೂರಿಯೇ ನನಗೆ ಸುದ್ದಿ ಕೊಟ್ಟಿರಬೇಕೆಂದು ಅವರು ತಿಳಿದರು. ಪಂಪು ಬಂದ್ ಮಾಡಿ ಮನೆಗೆ ಓಡಿದರು. ಓಡುತ್ತಲೇ ಹುಕ್ಕೇರಿಯಲ್ಲಿರುವ ತಂಗಿ ಗಂಗವ್ವನಿಗೂ ಫೋನ್ ಮಾಡಿದರು.

ನಾನು ಬಸ್ಸಿನಲ್ಲಿ ಶಾಂತವಾಗಿದ್ದೆ. ನಾಗನೂರಿನ ಒಬ್ಬರು ವಾಕರಿಗೆ ಮೂರು ಕೈಚೀಲ ನೇತುಹಾಕಿ, "ಛಲೋ ಸಾಮಾನ ಮಾಡಸೀರಿ, ಎಲ್ಲಾರಿಗೂ ಅನುಕೂಲ" ಎಂದರು. ನಾನು ಸಮಾಜಸೇವಕನ ನಗು ನಕ್ಕೆ.

ಕಲ್ಲೋಳಿಯಲ್ಲಿ ಪಡಸಾಲೆಯ ನಡುವೆ ಆಯಿಯನ್ನು ಕಂಬಳಿ ಹೊದಿಸಿ ಕೂರಿಸಿದ್ದರು. ಸುತ್ತ ಅರ್ಧ ಓಣಿ. ಒಬ್ಬರು ಜೀರಿಗೆ ನೀರು, ಒಬ್ಬರು ಶುಂಠಿ ರಸ, ಒಬ್ಬರು ಲಿಂಬೆಹಣ್ಣು. "ನನಗೇನೂ ಆಗಿಲ್ಲ" ಎಂದು ಆಯಿ ಅಂದಷ್ಟೂ, "ಪಾಪ, ಎಷ್ಟ ತಡಕೊಳ್ಳಾಕತ್ತಾಳ" ಎಂದು ಇನ್ನೊಂದು ಲೋಟ ಬರುತ್ತಿತ್ತು. ಏಳನೆಯ ಲೋಟಕ್ಕೆ ಆಯಿ ನಿಜವಾಗಿಯೇ ವಾಕರಿಸಿದಳು.

"ನೋಡ್ರಿ! ಮಾಸ್ತರ ಗೋಕಾಕದಾಗ ಕುಂತ ಹೇಳಿದ್ರು!" ಎಂದು ಮಾವ ನನ್ನ ಕಡೆ ಭಕ್ತಿಯಿಂದ ನೋಡಿದರು.

ಬಾಗಿಲಲ್ಲಿ ನಾನು, ಕೈಯಲ್ಲಿ ಅಲ್ಯೂಮಿನಿಯಮ್.

"ಅದೇನ್ರಿ?" ಎಂದಳು ಕಸ್ತೂರಿ.

"ವಾಕರ್."

ಓಣಿಗೆ ಓಣಿಯೇ ಕೈಯಲ್ಲಿದ್ದ ಲೋಟ ಕೆಳಗಿಟ್ಟಿತು. ಮೊದಲು ಬಾಯಿ ಬಿಟ್ಟವಳು ಆಯಿ. "ನಿಮ್ಮ ಕೈಯಾಗ ಇದ್ದದ್ದನ್ನ ನನ್ನ ಹೊಟ್ಟ್ಯಾಗ ಯಾಕ ಹಾಕಿದ್ರಿ, ಮಾಸ್ತರ?"

ಮಾನ ಉಳಿಸಿಕೊಳ್ಳಲು ಒಂದೇ ದಾರಿ ಇತ್ತು: ಪ್ರಾತ್ಯಕ್ಷಿಕೆ. ಪ್ರತಿ ಕಾಲಿಗೂ ಸಾಲು ತೂತುಗಳು. ಗುಂಡಿ ಒತ್ತಿ, ಕಾಲು ಎಳೆದು, ಬೇಕಾದ ತೂತಿನಲ್ಲಿ ಟಕ್ ಎಂದು ಕೂರಿಸಬೇಕು. ಕೂರಿಸಿದೆ. ಮೂರು ಸಲ ಟಕ್ ಎಂದಿತು. ಕಾಲು ನಾಲ್ಕು ಎಂಬುದು ಗಣಿತದ ಮೇಷ್ಟ್ರಿಗೆ ಹೊಳೆಯಲಿಲ್ಲ. "ಆಯಿ, ನೋಡು. ಮೊದಲು ಇದು ಮುಂದ, ಆಮ್ಯಾಲೆ ನಾವು" ಎನ್ನುತ್ತ ಅಂಗಳಕ್ಕೆ ಇಳಿದೆ.

ಇಲ್ಲಿ ನಾನು ಬಿದ್ದದ್ದನ್ನು ಮೂರು ರೀತಿಯಲ್ಲಿ ಬರೆದು ನೋಡಿದೆ. ಒಂದರಲ್ಲಿ ಕೋಳಿ ಅಡ್ಡ ಬಂತು, ಒಂದರಲ್ಲಿ ಯಾರೋ ಕರೆದರು, ಒಂದರಲ್ಲಿ ನೆಲದ ತಪ್ಪು. ಮೂರರಲ್ಲೂ ಬಿದ್ದೆ!

ಪಾದ ಹೊರಳಿತು. ಟಕ್ ಎನ್ನದ ಕಾಲಿನ ತುದಿಯಿಂದ ರಬ್ಬರ್ ಬುಷ್ ಕಳಚಿ, ಉರುಳುತ್ತ ಹೋಗಿ ಆಯಿಯ ಮುಂದೆ ನಿಂತಿತು. ಆಯಿ ಎತ್ತಿಕೊಂಡು ಹಿಸುಕಿ ನೋಡಿದಳು.

"ಇದ್ಯಾತಕ್ಕ?"

"ಜಾರಬಾರದಂತ ಹಾಕಿರ್ತಾರ" ಎಂದೆ, ಕೆಸರಿನಲ್ಲಿ ಮಲಗಿಕೊಂಡೇ.

ಆಯಿ ಒಳಗೆ ಹೋಗಿ ತನ್ನ ಕುರಿ ಕಾಯುವ ಬಡಿಗೆ ತಂದಳು. ಬಡಿಗೆಗೆ ಬುಷ್ ಹಾಕಿದರೆ ಸಡಿಲವಾಯಿತು. ತುದಿಗೆ ಒಂದು ಎಳೆ ಉಣ್ಣೆ ಸುತ್ತಿ, ಒತ್ತಿ ಕೂರಿಸಿದಳು. ನೆಲಕ್ಕೆ ಊರಿ ಜಗ್ಗಿದಳು. ಅಲ್ಲಾಡಲಿಲ್ಲ. "ಉಳದ ಮೂರು ನೀವ ಇಟ್ಕೋರಿ, ಮಾಸ್ತರ. ನನಗ ಒಂದ ಸಾಕು."

ಮರುದಿನ ಬೆಳಿಗ್ಗೆ ಆಯಿ ದೊಡ್ಡಿಗೆ ಹೊರಟಳು. ಒಬ್ಬಳೇ. ಹತ್ತು ಹೆಜ್ಜೆ ಹಿಂದೆ ಮಾವ, ನೆಲ ನೋಡುತ್ತ, ಏನೋ ಕಳೆದುಕೊಂಡವರಂತೆ. ಕೆಸರಿನ ಹತ್ತಿರ ಆಯಿ ನಿಂತಳು. ಮಾವನ ಎರಡೂ ಕೈ ತಾವಾಗಿಯೇ ಮುಂದೆ ಬಂದವು.

ಆಯಿ ತಿರುಗಲಿಲ್ಲ. "ಬೀರಪ್ಪಾ, ಹಿಂದ ಏನ ಹುಡಕಾಕತ್ತಿ?"

"ಏನಿಲ್ಲ ಯವ್ವಾ... ಗಾಡಿ ಕೀಲಿ."

"ನಿಂತ ಹುಡುಕು. ನನ್ನ ಬೆನ್ನಾಗ ಇಲ್ಲ ಅದು."

ಬಡಿಗೆ ಊರಿದಳು. ಕೆಸರು ದಾಟಿದಳು. ಮಾವ ಅಲ್ಲೇ ನಿಂತರು; ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡರು. ಧೂಳು ಬಿತ್ತೆಂದು ಅವರು ಹೇಳುತ್ತಾರೆ. ಕೆಸರಿನಲ್ಲಿ ಧೂಳು!

ಅಷ್ಟರಲ್ಲಿ ಹುಕ್ಕೇರಿಯಿಂದ ಗಂಗವ್ವ ಬಂದಿಳಿದರು, ಬಸ್ಸಿನಿಂದಲೇ ಅಳುತ್ತ. ಒಳಗೆ ಬಂದರೆ ಅವ್ವ ಇಲ್ಲ! ದೊಡ್ಡಿಗೆ ಓಡಿದರೆ ಅವ್ವ ಕೂತು ಉಣ್ಣೆ ಬೇರೆ ಮಾಡುತ್ತಿದ್ದಾಳೆ. ಪಕ್ಕದಲ್ಲಿ ಊದಿದ ಪಾದಕ್ಕೆ ಅರಿಶಿಣ ಮೆತ್ತಿಕೊಂಡು, ಕುಂಟು ವಾಕರ್ ಹಿಡಿದು ನಾನು. ಇಷ್ಟು ದೂರ ಹೊತ್ತು ತಂದ ಅಳು. ವ್ಯರ್ಥ ಮಾಡುವುದು ಹೇಗೆ? "ಇಷ್ಟ ಸಣ್ಣ ವಯಸ್ಸಿಗೆ ಹಿಂಗ ಆತಲ್ಲೋ!" ಎಂದು ನನ್ನನ್ನೇ ತಬ್ಬಿ ಮುಗಿಸಿದರು.

ದೊಡ್ಡಿಯ ಬೇಲಿಯಲ್ಲಿ ಒಂದು ಸಂದಿ ಇತ್ತು. ಕತ್ತರಿಸದ ಕುರಿಗಳು ಅಲ್ಲಿಂದ ತಪ್ಪಿಸಿಕೊಳ್ಳುತ್ತಿದ್ದವು. ಆಯಿ ನನ್ನ ಕಡೆ ನೋಡಿದಳು. "ಮಾಸ್ತರ, ಸುಮ್ನ ಕುಂತೀರಿ. ಆ ಸಂದ್ಯಾಗ ನಿಂದರ್ರಿ, ಅಡ್ಡ ಆಗ್ತೈತಿ."

ವಾಕರಿನ ಸಮೇತ ನಿಂತೆ. ಎಷ್ಟು ಕುರಿಗಳು ನನ್ನ ಪಕ್ಕದಿಂದ, ಎಷ್ಟು ಮರಿಗಳು ನನ್ನ ಕಾಲ ಕೆಳಗೆ ನುಸುಳಿ ಹೋದವೋ ಹೇಳಲಾರೆ. ಇಷ್ಟು ಮಾತ್ರ ಖಚಿತ: ಮಧ್ಯಾಹ್ನದ ಹೊತ್ತಿಗೆ ನನ್ನನ್ನು ತೆಗೆದು, ಅಲ್ಲಿ ಒಂದು ಜಾಲಿ ಮುಳ್ಳಿನ ಕಂಟಿ ಇಟ್ಟರು.