ಕೆಂಪು ಪಟ್ಟಿಯಲ್ಲಿ ಅಮ್ಮನ ಹೆಸರು

ತಲೆ ತಗ್ಗಿಸುವಂಥ ಪ್ರಸಂಗಗಳು ಬೇರೆಯವರಿಗೆ ಹಬ್ಬಕ್ಕೋ ಹುಣ್ಣಿಮೆಗೋ ಒಮ್ಮೆ ಬರುತ್ತವೆ. ನನಗೆ ಡ್ಯೂಟಿಗೆ ಹೋದ ದಿನವೆಲ್ಲ ಬರುತ್ತವೆ.

ನಾನು ಮೆಡಿಕಲ್ ಫಿಸಿಸಿಸ್ಟ್. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕೆಲವು ಕ್ಲಿನಿಕ್ಕುಗಳು ಈಚೆಗೆ ಡಿಜಿಟಲ್ ಮ್ಯಾಮೋಗ್ರಫಿ ಮೆಷಿನ್ ಹಾಕಿಸಿವೆ. ಹೆಂಗಸರ ಎದೆಯ ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯುವ ಎಕ್ಸ್‌ರೇ ಅದು. ಮೆಷಿನ್ ಸರಿಯಾಗಿ ಒತ್ತುತ್ತಿದೆಯೇ, ಚಿತ್ರ ಸ್ಪಷ್ಟವಾಗಿ ಬರುತ್ತಿದೆಯೇ ಅಂತ ನೋಡಿ, ಸಿಬ್ಬಂದಿಗೆ ಕಲಿಸಿ ಬರುವುದು ನನ್ನ ಕೆಲಸ. ನಮ್ಮೂರಲ್ಲಿ ಮಾತ್ರ ನಾನು ‘ಮಿಷಿನ್ ರಿಪೇರಿಯೋನು’.

ಎಲ್ಲಕ್ಕಿಂತ ದೊಡ್ಡ ನಾಚಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಚಿಕ್ಕಮ್ಮ ಇದೇ ಕಾಯಿಲೆಯಲ್ಲಿ ಹೋದರು. ತೋರಿಸಿದ್ದು ತಡವಾಗಿತ್ತು. ಅವರ ಒಡಹುಟ್ಟಿದ ಅಕ್ಕ, ಅಂದರೆ ನನ್ನಮ್ಮ, ಜಂಗಮಕೋಟೆಯಲ್ಲಿ ರೇಷ್ಮೆಹುಳ ಸಾಕಿಕೊಂಡಿದ್ದಾಳೆ. ಈ ಪರೀಕ್ಷೆ ಎಲ್ಲರಿಗಿಂತ ಮೊದಲು ಆಗಬೇಕಾದವಳು ಅವಳು. ನಾಲ್ಕು ತಾಲ್ಲೂಕಿನ ಹೆಂಗಸರಿಗೆ ‘ಬನ್ನಿ, ಪರೀಕ್ಷೆ ಮಾಡಿಸಿಕೊಳ್ಳಿ’ ಅಂತ ಹೇಳುವ ನನಗೆ ಹೆತ್ತ ತಾಯಿಯ ಮುಂದೆ ಮಾತ್ರ ಎರಡು ವರ್ಷವಾದರೂ ಬಾಯಿ ಬಂದಿರಲಿಲ್ಲ.

೧. ಹದಿನೈದು ಕೇಜಿ

ಚಿತ್ರ ತೆಗೆಯುವಾಗ ಮೆಷಿನ್ನಿನ ಹಲಗೆ ಎದೆಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯುತ್ತದೆ. ಅದು ಗರಿಷ್ಠ ಎಷ್ಟು ಒತ್ತಬಲ್ಲದು ಅಂತ ಅಳೆಯಲು ನನ್ನ ಬಳಿ ಇರುವುದು ಜನ ಹತ್ತಿ ನಿಲ್ಲುವ ತೂಕದ ಮೆಷಿನ್ನು, ಅದರ ಮೇಲೆ ಮಡಚಿಟ್ಟ ಟವೆಲ್ಲು. ಚಿಂತಾಮಣಿಯಲ್ಲಿ ಮೊದಲ ದಿನ ಉತ್ಸಾಹ ಉಕ್ಕಿ ಹರಿಯುತ್ತಿತ್ತು. ಟೆಕ್ನೀಷಿಯನ್ ಹುಡುಗಿ ಬಟನ್ ಒತ್ತುತ್ತಿದ್ದಳು, ನಾನು ತೂಕ ಕೂಗುತ್ತಿದ್ದೆ.

“ಹತ್ತು ಕೇಜಿ! ಇನ್ನೂ ಒತ್ತಮ್ಮ! ಹನ್ನೆರಡು! ಬಿಡಬೇಡ, ಒತ್ತು! ಹದಿನೈದು! ಭೇಷ್!”

ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ ಹತ್ತು ಜನ ಹೆಂಗಸರು ಕೂತಿದ್ದರು. “ವದ್ದು ತಲ್ಲೀ, ಇಂಟಿಕಿ ಪೋದಾಂ ಪಾ” ಅಂತ ತೆಲುಗಿನಲ್ಲಿ ಮನೆಗೆ ಹೊರಡಿಸುತ್ತ ಒಬ್ಬರು ಪಕ್ಕದವಳ ಕೈ ಹಿಡಿದು ಎದ್ದೇಬಿಟ್ಟರು. ನಾನು ಓಡಿಬಂದು ಅಡ್ಡ ನಿಂತೆ. “ಅಮ್ಮಾ, ಅದು ಟವೆಲ್ಲಿಗೆ! ನಿಮಗೆ ಅಷ್ಟು ಒತ್ತಲ್ಲ!”

ಟೊಮ್ಯಾಟೊ ಮಂಡಿಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಚೀಲ ಹೆಗಲಿಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹದಿನೈದು ಕೇಜಿ ಅಂದ್ರೆ ಒಂದು ಕ್ರೇಟು ಟೊಮ್ಯಾಟೊ ಕಣಪ್ಪ. ಕ್ರೇಟಿನ ಅಡಿ ಸಿಕ್ಕಿದ ಹಣ್ಣು ಏನಾಗುತ್ತೆ ಅಂತ ನಂಗೇ ಹೇಳಿಕೊಡ್ತೀಯಾ?”

೨. ಬಿಳಿ ಚುಕ್ಕಿ

ಗೌರಿಬಿದನೂರಿನಲ್ಲಿ ಚಿತ್ರದ ತುಂಬ ಬಿಳಿ ಚುಕ್ಕಿಗಳು ಬರತೊಡಗಿದವು. ನಾನು ಹೋಗಿ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ, “ಚಿತ್ರ ಹಿಡಿಯೋ ಡಿಟೆಕ್ಟರೇ ಕೆಟ್ಟಿದೆ, ಮುಟ್ಟಬೇಡಿ” ಅಂತ ತೀರ್ಪು ಕೊಟ್ಟೆ. ಎರಡು ದಿನ ಮೆಷಿನ್ ಬಂದ್. ಬೆಂಗಳೂರಿನಿಂದ ಕಂಪನಿ ಎಂಜಿನಿಯರ್ ಕಾರು ಮಾಡಿಕೊಂಡು ಬಂದರು.

ಅವರು ಸ್ಕ್ರೂಡ್ರೈವರ್ ತೆಗೆಯುವ ಮೊದಲೇ ನೆಲ ಒರೆಸುತ್ತಿದ್ದ ಆಯಾ ಎದ್ದು ಬಂದು, ಒದ್ದೆ ಬಟ್ಟೆಯಿಂದ ಮೆಷಿನ್ನಿನ ತಟ್ಟೆಯನ್ನು ಒಂದು ಸಲ ಒರೆಸಿದರು. ಮತ್ತೆ ಚಿತ್ರ ತೆಗೆದರೆ ಚುಕ್ಕಿಗಳೆಲ್ಲ ಮಾಯ! ಅದು ಪೌಡರು. ಮೈಗೆ ಹಾಕಿದ ಪೌಡರು ಚಿತ್ರದಲ್ಲಿ ಚುಕ್ಕಿಯಾಗಿ ಕಾಣುತ್ತದೆ ಅಂತ ಅದೇ ಕ್ಲಿನಿಕ್ಕಿನಲ್ಲಿ ಪಾಠ ಮಾಡಿದ್ದವನು ನಾನೇ. ಎಂಜಿನಿಯರ್ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಲ್ಲ, “ಇಷ್ಟೊಂದು ಪೌಡರ್ ಯಾಕೆ ಹಾಕ್ಕೊಂಡು ಬರ್ತಾರೆ?” ಅಂತ ರೇಗಿದೆ.

ಆಯಾ ಬಟ್ಟೆ ಹಿಂಡುತ್ತ ಹೇಳಿದರು, “ಎದೆ ಫೋಟೋ ತೆಗೀತೀವಿ ಬನ್ನಿ ಅಂತ ಚೀಟೀಲಿ ಬರ್ಸಿದ್ದು ನೀವೇ ಅಲ್ವಾ ಸಾರ್? ಫೋಟೋಗೆ ಪೌಡರ್ ಹಾಕ್ದೆ ಯಾರು ಬರ್ತಾರೆ?”

೩. ಉಪ್ಪಿಟ್ಟು

ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿ ಊರಿಗೆ ಹೋದೆ. ಬಸ್ಸಿನುದ್ದಕ್ಕೂ ಮಾತು ಉರು ಹೊಡೆದಿದ್ದೆ. ಅಮ್ಮ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು.

“ಅಮ್ಮಾ, ಒಂದು ವಿಷಯ.”

“ಹೇಳಪ್ಪ.”

“ಚಿಕ್ಕಮ್ಮ ಇದ್ರಲ್ಲ...”

ಅವಳು ಸೊಪ್ಪು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಉರು ಹೊಡೆದದ್ದೆಲ್ಲ ಎಗರಿಹೋಯಿತು. “ಚಿಕ್ಕಮ್ಮ ಮಾಡ್ತಿದ್ರಲ್ಲ, ಆ ಉಪ್ಪಿಟ್ಟು... ಹಂಗೇ ಮಾಡ್ಕೊಡ್ತೀಯಾ?”

ಮಾಡಿಕೊಟ್ಟಳು. ತಿಂದು ವಾಪಸು ಬಸ್ಸು ಹತ್ತಿದೆ. ಇಂಥ ಇನ್ನೊಬ್ಬ ಹೇಡಿ ಮಗನನ್ನು ನಾನು ಕಂಡಿಲ್ಲ.

ಅದರ ಮರುವಾರ ಶಿಡ್ಲಘಟ್ಟದಲ್ಲಿ ಆಶಾ ಕಾರ್ಯಕರ್ತೆಯರ ಸಭೆ. ಒಂದು ಗಂಟೆ ನಿರರ್ಗಳವಾಗಿ ಮಾತಾಡಿದೆ. ‘ನಾಚಿಕೆ ಬಿಡಿ, ಜೀವ ಉಳಿಸಿಕೊಳ್ಳಿ’ ಅಂತ ಮೇಜು ಬೇರೆ ಗುದ್ದಿದೆ. ಕೊನೆಗೆ ನಮ್ಮೂರಿನ ಆಶಾ ಅಕ್ಕ ಎದ್ದು ನಿಂತರು. “ಚೆನ್ನಾಗಿ ಹೇಳಿದ್ರಿ ಸಾರ್. ನಿಮ್ಮಮ್ಮಂದು ಆಯ್ತಾ?”

“ಓ, ಆಯ್ತಲ್ಲ ಅಕ್ಕ! ಎಲ್ಲಾ ನಾರ್ಮಲ್!”

ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

೪. ಚೌಕಾಕಾರದ ಪೇಷಂಟು

ಮೆಷಿನ್ ಪರೀಕ್ಷಿಸಲು ನಾವು ಮನುಷ್ಯರ ಬದಲು ಅಂಗೈಯಗಲದ ಒಂದು ಚೌಕ ಪ್ಲಾಸ್ಟಿಕ್ ಗಟ್ಟಿಯನ್ನು ಅದರಲ್ಲಿಡುತ್ತೇವೆ. ಆ ಗಟ್ಟಿಯೊಳಗೆ ಕ್ಯಾನ್ಸರಿನಂತೆ ಕಾಣುವ ಗಂಟು, ಕಾಳು, ಎಳೆ ಎಲ್ಲವನ್ನೂ ಬೇಕಂತಲೇ ಸೇರಿಸಿರುತ್ತಾರೆ. ಅವು ಚಿತ್ರದಲ್ಲಿ ಕಂಡರೆ ಮೆಷಿನ್ ಸರಿಯಾಗಿದೆ ಅಂತ ಅರ್ಥ.

ಶಿಡ್ಲಘಟ್ಟದ ಕ್ಲಿನಿಕ್ಕಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಚಿತ್ರಗಳನ್ನು ತಾನೇ ನೋಡಿ, ಅನುಮಾನ ಬಂದವರ ಹೆಸರನ್ನು ಕೆಂಪು ಪಟ್ಟಿಗೆ ಹಾಕಿ, ಆಯಾ ಊರಿನ ಆಶಾ ಕಾರ್ಯಕರ್ತೆಯ ಮೊಬೈಲಿಗೆ ಕಳಿಸುವ ಸಾಫ್ಟ್‌ವೇರು. ಗಟ್ಟಿಯ ಚಿತ್ರ ತೆಗೆಯಲು ಹೋದರೆ ಕಂಪ್ಯೂಟರು ಹೆಸರು, ವಯಸ್ಸು, ಊರು ಕೊಡದೆ ಮುಂದಕ್ಕೆ ಬಿಡಲಿಲ್ಲ. ಪ್ಲಾಸ್ಟಿಕ್ಕಿಗೆ ಏನು ಹೆಸರಿಡುವುದು? ತಲೆಯೊಳಗೆ ಕೊರೆಯುತ್ತಿದ್ದ ಹೆಸರೇ ಬೆರಳಿಗೆ ಬಂತು. ಅಮ್ಮನ ಹೆಸರು, ಐವತ್ತೆಂಟು, ಜಂಗಮಕೋಟೆ. ಆಮೇಲೆ ಅಳಿಸಬೇಕಿತ್ತು. ಮರೆತು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಬರುವಷ್ಟರಲ್ಲಿ, ಬೆಂಗಳೂರಿನಲ್ಲಿ ಕೂತು ಚಿತ್ರ ನೋಡುವ ಡಾಕ್ಟರ ಫೋನು. “ಏನ್ರೀ ಇದು, ನಿಮ್ಮ ಪೇಷಂಟು ಚೌಕಾಕಾರವಾಗಿದ್ದಾರಲ್ರೀ!” ಇಬ್ಬರೂ ನಕ್ಕೆವು. ನಗು ಮುಗಿಯುವ ಮೊದಲೇ ಗೇಟಿನ ಮುಂದೆ ಆಟೋ ನಿಂತಿತು.

ಕೆಂಪು ಪಟ್ಟಿ ತೆರೆದ ಮೊಬೈಲ್ ಹಿಡಿದು ಆಶಾ ಅಕ್ಕ ಇಳಿದರು. ಹಿಂದೆಯೇ ಅಮ್ಮ. ಕೈಗೆ ಅಂಟಿದ ಸೊಪ್ಪಿನ ಹಸಿರು ಕೂಡ ತೊಳೆದಿರಲಿಲ್ಲ.

“ನಾರ್ಮಲ್ ಅಂದ್ರಲ್ಲ ಸಾರ್, ಹೆದರ್ತಾರೆ ಅಂತ ಮುಚ್ಚಿಟ್ರಾ?” ಅಕ್ಕನ ಕಣ್ಣು ತುಂಬಿತ್ತು.

ಅಮ್ಮ ನನ್ನ ತೋಳು ಹಿಡಿದಳು. “ನನ್ನ ತಂಗಿಗೆ ಬಂದಿದ್ದೇ ನಂಗೂ ಬಂದೈತಂತೆ. ಪರೀಕ್ಷೆ ಯಾವಾಗ ಮಾಡಿದ್ಯೋ? ನಾನು ನಿದ್ದೆ ಮಾಡ್ತಿರೋವಾಗ ಮಾಡಿದ್ಯಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೆಂಚಿನ ತುಂಬ ಕೂತಿದ್ದ ಹೆಂಗಸರ ಮುಂದೆ ಕಪಾಟಿನಿಂದ ಗಟ್ಟಿ ತೆಗೆದು ಅಮ್ಮನ ಕೈಗಿಟ್ಟೆ. “ಅಮ್ಮಾ, ಅದು ನೀನಲ್ಲ. ಇದು. ನಿನ್ನ ಹೆಸರು ಹಾಕಿದ್ದು ನಾನು. ಅಕ್ಕಂಗೆ ಹೇಳಿದ್ದೂ ಸುಳ್ಳು.”

ಅಮ್ಮ ಗಟ್ಟಿಯನ್ನು ತಿರುಗಿಸಿ ನೋಡಿದಳು. “ಇದನ್ನ ಎಷ್ಟು ದಿನಕ್ಕೊಂದ್ಸಲ ಪರೀಕ್ಷೆ ಮಾಡಿಸ್ತೀಯ?”

“ವಾರಕ್ಕೊಂದ್ಸಲ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಟ್ಟಿಯನ್ನು ನನ್ನ ಕೈಗೆ ವಾಪಸು ಕೊಟ್ಟು ಟೆಕ್ನೀಷಿಯನ್ ಕಡೆ ತಿರುಗಿದಳು. “ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲಿ ಬಿಟ್ಟು ಬಂದಿದೀನಿ, ಸುಮ್ನೆ ವಾಪಸ್ ಹೋಗಲ್ಲ. ಎಲ್ಲಿ ನಿಂತ್ಕೋಬೇಕು ತೋರ್ಸಮ್ಮ.”

“ಪೌಡರ್ ಏನಾದ್ರೂ ಹಾಕಿದೀರಾ ಅಮ್ಮ?”

“ಪೌಡರ್ ವಾಸ್ನೆ ಹುಳಕ್ಕೆ ಆಗಲ್ಲ ಕಣಮ್ಮ. ಅಷ್ಟೂ ಗೊತ್ತಿಲ್ವಾ?”

ಬಾಗಿಲು ಮುಚ್ಚಿತು. ಸುಳ್ಳು ಕೆಂಪು ಪಟ್ಟಿ ಈಗ ನಿಜವಾಗಿಬಿಟ್ಟರೆ? ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ಪಾಪ ಎಲ್ಲಿ ತೊಳೆಯಲಿ? ಒಂದು ಗಂಟೆಯ ಮೇಲೆ ಡಾಕ್ಟರ ಫೋನು ಬಂತು. “ಏನೂ ತೊಂದ್ರೆ ಇಲ್ಲ ಕಣ್ರೀ. ಈ ಸಲ ಪೇಷಂಟು ಚೌಕವಾಗೂ ಇಲ್ಲ.”

ನಾನು ಯುಪಿಎಸ್ ಬ್ಯಾಟರಿಗಳ ಪಕ್ಕ ನಿಂತು ಅತ್ತುಬಿಟ್ಟೆ. ಅಮ್ಮ ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. “ನಂಗೆ ಹೇಳಕ್ಕೆ ನಾಚ್ಕೆ ಆಯ್ತೇನೋ? ಹಾಲು ಕುಡಿಯೋವಾಗ ಎಲ್ಲೋಗಿತ್ತೋ ಈ ನಾಚ್ಕೆ?” ಬೆಂಚಿಗೆ ಬೆಂಚೇ ನಕ್ಕಿತು. “ಇನ್ಮೇಲೆ ಆ ಪ್ಲಾಸ್ಟಿಕ್ಕಿಗೆ ನಿನ್ನ ಹೆಸರೇ ಇಡು.”

ಮಾತು ಮೀರಿಲ್ಲ. ಈಗ ನಾಲ್ಕು ಊರಲ್ಲೂ ಗಟ್ಟಿಗೆ ನನ್ನ ಹೆಸರೇ, ಊರು ಜಂಗಮಕೋಟೆಯೇ. ಕಂಪ್ಯೂಟರು ಗಂಡಸರನ್ನು ಒಪ್ಪುವುದಿಲ್ಲವಾದ್ದರಿಂದ ‘ಹೆಣ್ಣು’ ಅಂತ ಒತ್ತುತ್ತೇನೆ. ಅಳಿಸಲು ಒಮ್ಮೊಮ್ಮೆ ಈಗಲೂ ಮರೆಯುತ್ತೇನೆ. ಮರೆತ ಮರುದಿನ ಬೆಳಿಗ್ಗೆ ಆಶಾ ಅಕ್ಕನ ಫೋನು ತಪ್ಪುವುದಿಲ್ಲ.

“ಸಾರ್, ನಿಮ್ಮ ಹೆಸರು ಮತ್ತೆ ಕೆಂಪಲ್ಲಿ ಬಂದೈತೆ. ನಾಚ್ಕೆ ಬಿಡಿ, ಬಂದು ತೋರಿಸ್ಕೊಳ್ಳಿ. ಒಬ್ರೇ ಬರಕ್ಕೆ ಭಯ ಆದ್ರೆ ಹೇಳಿ, ನಿಮ್ಮಮ್ಮನ್ನ ಜೊತೇಲಿ ಕಳಿಸ್ತೀನಿ.”