ಪಡುಗೋಡೆಯ ಗಾಳಿಗೆ ಬಡ್ತಿ

ಸರ್ಕಾರಿ ಆಸ್ಪತ್ರೆಯ ಬಾಣಂತಿಯರ ವಾರ್ಡಿನ ಪಡುಗೋಡೆಯೊಳಗೆ ಎರಡು ಬೆರಳಗಲದ ಜಾಗ ಯಾರಿಗೂ ಮಂಜೂರಾಗದೆ ಖಾಲಿ ಬಿದ್ದಿದೆ ಎಂಬ ಗಂಭೀರ ಸಂಗತಿ ಖಾಲಿ ಜಾಗ ಸದ್ಬಳಕೆ ಸಮಿತಿಯ ಗಮನಕ್ಕೆ ಬಂದದ್ದು ಕಟ್ಟಡದ ನಕ್ಷೆಯ ಮೇಲೆ ಚಹಾ ಚೆಲ್ಲಿದ ದಿನ. ಒರೆಸುವಾಗ ಸಮಿತಿಯ ಕಾರ್ಯದರ್ಶಿಗಳ ಕಣ್ಣಿಗೆ ಬಿತ್ತು. ಸರ್ಕಾರಿ ಜಾಗವನ್ನು ಖಾಲಿ ಬಿಡುವುದು ನಿಯಮ ಹದಿನಾಲ್ಕರ ಪ್ರಕಾರ ಕರ್ತವ್ಯಲೋಪ. ಅಂದು ಮಧ್ಯಾಹ್ನವೇ ಆ ಜಾಗವನ್ನು ಹಳೆಯ ಕಡತಗಳಿಗೆ ಮಂಜೂರು ಮಾಡಿ, ಗೋಡೆಯ ನೆತ್ತಿ ಒಡೆದು, ಕಡತಗಳನ್ನು ಮೇಲಿನಿಂದ ಇಳಿಬಿಡಲಾಯಿತು.

ಆ ಗೋಡೆ ಕಟ್ಟಿದ ಮೇಸ್ತ್ರಿಗೆ ಸುದ್ದಿ ಮುಟ್ಟಿದ್ದು ಅಂಗೈಯಿಂದ. ಅವನ ಮಗಳು ಹೆತ್ತು ಆರು ದಿನವಾಗಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಹಿಡಿಯಷ್ಟು ಜೀವ. ತೂಕ ಏರುವವರೆಗೆ ಇಲ್ಲೇ ಇರಲಿ, ಸೆಖೆ ಮಾತ್ರ ತಾಗಕೂಡದು ಅಂದಿದ್ದರು ಡಾಕ್ಟರಮ್ಮ. ತಾನು ಕಟ್ಟಿದ ಗೋಡೆಯ ಪಕ್ಕವೇ ತಂಪು ಅಂತ ಮೇಸ್ತ್ರಿ ಹಟ ಹಿಡಿದು ಅಲ್ಲೇ ಮಂಚ ಹಾಕಿಸಿದ್ದ. ಈಗ ಮುಟ್ಟಿ ನೋಡಿದರೆ ಪಡುವಣ ಬಿಸಿಲಿಗೆ ಗೋಡೆ ಕಾದ ಹಂಚಾಗಿತ್ತು. ಮಗು ಅಳುವುದಕ್ಕೂ ತ್ರಾಣವಿಲ್ಲದೆ ಮುಖ ಕಿವುಚುತ್ತಿತ್ತು. ಬೇರೆ ಮಂಚ ಕೇಳಿದರೆ ಇಲ್ಲ ಅಂದರು. ಗೋಡೆಯೊಳಗೆ ಕಡತ ಇಳಿಸಿದ್ದಾರೆಂದು ಅಲ್ಲೇ ಗೊತ್ತಾಯಿತು.

ಮೇಸ್ತ್ರಿ ಸೀದಾ ಕಾರ್ಯದರ್ಶಿಗಳ ಕೋಣೆಗೆ ಹೋಗಿ ಬಿಡಿಸಿ ಹೇಳಿದ. ಗೋಡೆಯೊಳಗೆ ಹೊಳೆಯುವ ತಗಡಿನ ಹಾಳೆ ಅಂಟಿಸಿದೆ, ಅದರ ಎದುರು ಬರೀ ಗಾಳಿ ನಿಂತಿದ್ದರೆ ಬಿಸಿ ಅಲ್ಲೇ ತಡೆದು ನಿಲ್ಲುತ್ತದೆ, ಹಾಳೆಗೆ ಏನಾದರೂ ತಾಗಿಸಿಟ್ಟರೆ ಮಾತ್ರ ಮುಗಿಯಿತು, ಬಿಸಿ ಅದನ್ನೇ ಹಿಡಿದುಕೊಂಡು ಸರಾಗವಾಗಿ ಒಳಗೆ ಬರುತ್ತದೆ ಅಂದ. ಕಾರ್ಯದರ್ಶಿಗಳು ಕೆಟ್ಟವರೇನಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ನೀವು ಹೇಳೋದೆಲ್ಲ ಸರಿ ಮೇಸ್ತ್ರಿ. ಆದ್ರೆ ಏನೂ ಇಲ್ಲದ್ದಕ್ಕೆ ನಾನು ಜಾಗ ಬರ್ಕೊಡೋದು ಹೇಗೆ? ಅಲ್ಲಿ ಯಾರಾದ್ರೂ ಇರ್ಬೇಕಲ್ಲ.”

“ಗಾಳಿ ಇರುತ್ತಲ್ಲ ಸಾರ್.”

“ಗಾಳಿ ನಮ್ಮ ನೌಕರನಾ?”

ಮಾರನೆಯ ದಿನ ಮೇಸ್ತ್ರಿ ಗಾಳಿಯ ಪರವಾಗಿ ನೌಕರಿಗೆ ಅರ್ಜಿ ಹಾಕಿದ. ತಂದೆಯ ಹೆಸರು ಬರೆಯದಿದ್ದರೆ ಅರ್ಜಿ ತಿರಸ್ಕೃತ ಅಂತ ಗುಮಾಸ್ತ ಹೇಳಿದ್ದರಿಂದ, ಬೇರೆ ಗತಿಯಿಲ್ಲದೆ ತನ್ನ ಹೆಸರನ್ನೇ ಬರೆದ. ಸಂದರ್ಶನದಲ್ಲಿ ಗಾಳಿ ಯಾವ ಪ್ರಶ್ನೆಗೂ ಎದುರಾಡಲಿಲ್ಲ. ಈ ಕೆಲಸಕ್ಕೆ ಅಲುಗಾಡುವ ಗಾಳಿ ಆಗದು, ಮುಚ್ಚಿದ ಜಾಗದಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂರಬೇಕು, ಈ ಗಾಳಿಗೆ ಅದು ಗೊತ್ತು ಅಂತ ಮೇಸ್ತ್ರಿ ವಿವರಿಸಿದಾಗ ಸಮಿತಿಯವರು ಮುಖ ಮುಖ ನೋಡಿಕೊಂಡರು. ಇಷ್ಟು ತಕ್ಕ ಅಭ್ಯರ್ಥಿ ಇಲಾಖೆಗೆ ಈವರೆಗೆ ದೊರೆತಿರಲಿಲ್ಲ ಎಂದು ಷರಾ ಬರೆದು, ಹಂಗಾಮಿಯಾಗಿ ನೇಮಿಸಿದರು.

ಕಡತಗಳು ಹೊರಗೆ ಬಂದವು. ಮೇಸ್ತ್ರಿ ಹಾಳೆಯ ಧೂಳು ಒರೆಸಿ, ಗೋಡೆಯ ನೆತ್ತಿಯನ್ನು ಕೈಯಾರೆ ಮುಚ್ಚಿದ. ಗಾಳಿಗೆ ಹೆಬ್ಬೆರಳಿಲ್ಲದ ಕಾರಣ ದಿನಾ ಬೆಳಿಗ್ಗೆ ಹಾಜರಿಗೆ ಅವನೇ ಹೆಬ್ಬೆಟ್ಟು ಒತ್ತಬೇಕಿತ್ತು, ಸಂತೋಷದಿಂದ ಒತ್ತಿದ. ಗೋಡೆ ತಣಿಯಿತು. ಮಗು ಮೊಲೆ ಹಿಡಿದು ಚೀಪತೊಡಗಿತು, ಜೋರಾಗಿ ಅಳುವುದನ್ನೂ ಕಲಿತಿತು. ಆ ಅಳು ಕೇಳಿದಾಗೆಲ್ಲ ಅಜ್ಜನಿಗೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು.

ಹದಿನೈದು ದಿನ ಕಳೆಯಿತು. ಒಂದು ರಜೆ ಇಲ್ಲ, ಒಂದು ದೂರಿಲ್ಲ, ಹಾಜರಿಯಲ್ಲಿ ಒಂದು ಕೆಂಪು ಗೆರೆ ಇಲ್ಲ. ಇಂಥ ದಾಖಲೆ ಇದ್ದವರನ್ನು ಕೆಳಗಿನ ಹುದ್ದೆಯಲ್ಲಿ ಕೊಳೆಯಲು ಬಿಡಬಾರದೆಂದು ನಿಯಮ ಮೂವತ್ತೊಂದು ಹೇಳುತ್ತದೆ. ಗಾಳಿಗೆ ಬಡ್ತಿ ನೀಡಿ, ನಿರ್ದೇಶಕರ ಕೋಣೆಯ ಗೋಡೆಗೆ ವರ್ಗ ಮಾಡಲಾಯಿತು. ಆ ಗೋಡೆ ಗಟ್ಟಿ ಕಲ್ಲಿನದು, ಒಳಗೆ ಸೂಜಿ ತೂರುವಷ್ಟೂ ಸಂದಿಲ್ಲ. ಕಾಗದದ ಮೇಲೆ ಅಧಿಕಾರ ವಹಿಸಿಕೊಂಡರೆ ಸಾಕೆಂದು ವಿನಾಯಿತಿ ಕೊಟ್ಟರು. ತೆರವಾಗುವ ಜಾಗಕ್ಕೆ ಹಳೆಯ ಕಡತಗಳು ಕಾದೇ ಇದ್ದವು.

ಮೇಸ್ತ್ರಿ ಓಡಿಬಂದು ಕಾಲು ಹಿಡಿಯುವುದೊಂದು ಬಾಕಿ. ಬಡ್ತಿ ಬೇಡ ಸಾರ್, ಮಗು ಇನ್ನೂ ತೂಕಕ್ಕೆ ಬಂದಿಲ್ಲ ಅಂದ.

“ಮಗನಿಗೆ ಬಡ್ತಿ ಬೇಡ ಅನ್ನೋ ಅಪ್ಪನ್ನ ಇವತ್ತೇ ನೋಡ್ತಿರೋದು,” ಅಂದರು ಕಾರ್ಯದರ್ಶಿಗಳು, ನಿಜವಾಗಿಯೂ ನೊಂದುಕೊಂಡು. “ಮೊಮ್ಮಗ ಒಬ್ಬನೇನಾ ನಿಮಗೆ?”

ಬೀಳ್ಕೊಡುಗೆ ವಾರ್ಡಿನಲ್ಲೇ ಏರ್ಪಾಡಾಯಿತು. ಬಾಣಂತಿಯರೆಲ್ಲ ಆಮಂತ್ರಣದ ಕಾರ್ಡಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಕೂತರು. ಸಮಯ ಉಳಿಯಲೆಂದು ಅತ್ತ ಕಡತ ಇಳಿಸುವ ಕೆಲಸವೂ ಶುರುವಾಗಿತ್ತು. ಗಾಳಿಯ ಪೋಷಕರು ಎರಡು ಮಾತಾಡಬೇಕೆಂದು ಮೇಸ್ತ್ರಿಯನ್ನು ಎಬ್ಬಿಸಿದರು. ಅವನು ಬಾಯಿ ತೆರೆದ. ಮಗುವಿನ ತಲೆಯ ಹಿಂದೆ ಗೋಡೆಯೊಳಗೆ ಧೊಪ್ಪೆಂದು ಒಂದು ಕಟ್ಟು ಬಿತ್ತು. ಮೇಸ್ತ್ರಿ ನಿಂತಲ್ಲೇ ಗೊಳೋ ಎಂದು ಅತ್ತುಬಿಟ್ಟ. ಎಲ್ಲರ ಕಣ್ಣೂ ಒದ್ದೆಯಾಯಿತು. ಇಂಥ ವಾತ್ಸಲ್ಯವನ್ನು ತಾವು ಕಂಡಿಲ್ಲವೆಂದು ಕಾರ್ಯದರ್ಶಿಗಳು ನಡಾವಳಿಯಲ್ಲಿ ಬರೆಸಿದರು. ಚಪ್ಪಾಳೆ ತುಂಬ ಹೊತ್ತು ನಡೆಯಿತು.

ಮಗಳೂ ತಟ್ಟಿದಳು. ಆಮೇಲೆ ಮಗುವಿನ ಹಣೆಯ ಬೆವರನ್ನು ಸೆರಗಿನಿಂದ ಒರೆಸುತ್ತ ಅಪ್ಪನಿಗೆ ಸಮಾಧಾನ ಹೇಳಿದಳು.

“ಅಳ್ಬೇಡಪ್ಪ. ದೊಡ್ಡೋರಾದ ಮೇಲೆ ಕಟ್ಟಿಹಾಕ್ಕೊಂಡು ಕೂರೋಕಾಗುತ್ತಾ? ಎಲ್ಲಿದ್ರೂ ತಣ್ಣಗಿರ್ಲಿ.”

ಮೇಸ್ತ್ರಿ ಮೂಗೊರೆಸಿಕೊಂಡು ಹೂಂ ಅಂದ. ನಿರ್ದೇಶಕರ ಕೋಣೆಗೆ ಹೋಗುವುದು ಅಂದರೆ ಸಣ್ಣ ಮಾತೇನಲ್ಲ ಅಂತ ಅವನಿಗೂ ಅನ್ನಿಸಿತು.