ಕುಂಬಳಕಾಯಿಗೆ ದಾರಿ ಬಿಟ್ಟ ಪೈಪು

"ಈ ಮನೆಗೆ ನೀರು ತರುವವನೂ ನಾನೇ, ಈ ಮನೆಯ ಕೊಳೆ ಕಳಿಸುವವನೂ ನಾನೇ," ಎಂದು ಒಕ್ತಾವ್ ಗುದ್ದಲಿಯನ್ನು ಹೆಗಲಿಗೇರಿಸಿ ಸಾರಿದ. ಬಾವಿಯಿಂದ ಬಕೆಟ್ ಹೊತ್ತು ಬರುತ್ತಿದ್ದ ಹೆಂಡತಿ ಸೊಲಾಂಜ್ ಆ ಮಾತಿಗೆ ನಿಲ್ಲಲಿಲ್ಲ. ನಿಂತರೆ ಬಕೆಟ್ ಇನ್ನೂ ಭಾರ.

ಕ್ರ್ಯೂಜ್ ಸೀಮೆಯ ಆ ಪುಟ್ಟ ಹಳ್ಳಿಗೆ ನಲ್ಲಿ ನೀರೂ ಒಳಚರಂಡಿಯೂ ಕೊನೆಗೂ ಬಂದಿದ್ದವು. ರಸ್ತೆಯವರೆಗೆ ಸರ್ಕಾರದ ಕೆಲಸ. ಅಲ್ಲಿಂದ ಮನೆಯವರೆಗೆ ಕಾಲುವೆ ತೋಡಿ ಪೈಪು ಎಳೆಯುವುದು ಅವರವರ ಪಾಡು. ಉಳಿದವರು ಗುತ್ತಿಗೆದಾರನನ್ನು ಕರೆಸಿದರು. ಒಕ್ತಾವ್ ಕರೆಸಲಿಲ್ಲ. ಅವನು ನಿವೃತ್ತ ಅಂಚೆಯವನು.

"ಈ ಸೀಮೆಯ ಒಂದೊಂದು ಏರೂ ಇಳಿಜಾರೂ ನನ್ನ ಮೊಣಕಾಲಿಗೆ ಗೊತ್ತು," ಎಂದ. "ಅಂಚೆಚೀಲ ಹೊತ್ತು ಸೈಕಲ್ ತುಳಿದ ಮೊಣಕಾಲು ಇದು."

"ಆ ಮೊಣಕಾಲಿಗೆ ಇನ್ನೊಂದು ವಿಷಯ ತಿಳಿಸಿ," ಎಂದಳು ಸೊಲಾಂಜ್. "ಸೆಪ್ಟೆಂಬರ್ ಮೊದಲ ಭಾನುವಾರ ಚರ್ಚಿನಲ್ಲಿ ಮೊಮ್ಮಗಳ ಜ್ಞಾನಸ್ನಾನ. ಊಟ ಈ ಮನೇಲಿ. ಈ ಸಲ ಮೊರಿಸೆಟ್ ಮನೇಲಲ್ಲ."

ಮೊರಿಸೆಟ್ ಸೊಲಾಂಜಳ ತಂಗಿ, ಪೇಟೆಯಲ್ಲಿ ಮನೆ. ಮಗಳ ಮದುವೆಯ ದಿನ ಒಕ್ತಾವನ ಹಿತ್ತಿಲಿನ ಪಾಯಿಖಾನೆ ಗುಂಡಿ ಉಕ್ಕಿ ಹರಿದು, ಬೆಂದ ಕುರಿತೊಡೆ ಹಿಡಿದುಕೊಂಡು ನೆಂಟರೆಲ್ಲ ಮೊರಿಸೆಟ್ ಮನೆಗೆ ಗುಳೆ ಹೋಗಿದ್ದರು. ಅಂದಿನಿಂದ ಮೊರಿಸೆಟ್ ಯಾವ ಮಾತು ಶುರುಮಾಡಿದರೂ, ಪೋಪರ ವಿಷಯವೇ ಆದರೂ, ಅದು ಅವಳ ಮನೆಯ ಎರಡು ಕಕ್ಕಸುಗಳಲ್ಲಿ ಹೋಗಿ ಮುಗಿಯುತ್ತಿತ್ತು.

ಮಗಳ ಮದುವೆಯ ಮರುವಾರವೇ ಒಕ್ತಾವ್ ಉದ್ದನೆಯ ಕಬ್ಬಿಣದ ಸಲಾಕೆ ಹಾಕಿ ಗುಂಡಿಯನ್ನು ಚೆನ್ನಾಗಿ ತಿವಿದಿದ್ದ. ಮತ್ತೆಂದೂ ಅದು ಉಕ್ಕಲಿಲ್ಲ. ತುಂಬಲೂ ಇಲ್ಲ. "ನೋಡಿದೆಯಾ, ಕೈಗುಣ," ಎಂದು ಬೀಗಿದ್ದ.

ಬೇಸಿಗೆಯೆಲ್ಲ ಅಗೆದ. ಮೇಲಿನ ರಸ್ತೆಯಿಂದ ಮನೆಯ ಬಾಗಿಲವರೆಗೆ ಕಾಲುವೆ ನೂಲು ಹಿಡಿದಂತೆ ನೇರವಾಗಿ ಬಂತು. ದಾರಿಹೋಕರು ನಿಂತು ನೋಡಿದರು. ರೋಮಿನವರು ಕಟ್ಟಿದ ಕಾಲುವೆಗಳೂ ಇಷ್ಟು ಅಂದವಾಗಿರಲಿಲ್ಲ ಎಂದು ಒಬ್ಬರು ಹೇಳಿದರು. ಆ ಒಬ್ಬರು ಒಕ್ತಾವನೇ.

ಇಲಾಖೆಯಿಂದ ಪರೀಕ್ಷೆಗೆ ಬಂದ ಹೆಂಗಸು ಕಾಲುವೆಯ ಬಾಯಲ್ಲಿ ನಿಂತು ಕೇಳಿದಳು: "ನೀರು ಇದರಲ್ಲಿ ಬರುತ್ತೆ, ಸರಿ. ಕೊಳೆ ಹೋಗೋದು?"

"ಇದರಲ್ಲೇ. ಬರೋ ದಾರಿಯಲ್ಲೇ ಹೋಗುತ್ತೆ."

ಅವಳು ಜಗುಲಿಯ ಮೇಲಿದ್ದ ಅವನ ಪೆತಾಂಕ್ ಆಟದ ಉಕ್ಕಿನ ಚೆಂಡನ್ನು ತರಿಸಿಕೊಂಡು ಕಾಲುವೆಯ ಮೇಲ್ತುದಿಯಲ್ಲಿ ಮೆಲ್ಲಗೆ ಬಿಟ್ಟಳು. ಚೆಂಡು ಗಾಂಭೀರ್ಯದಿಂದ ಹೊರಟು, ವೇಗ ಹಿಡಿದು, ಕೆಳಗೆ ಬಾಗಿಲ ಕಟ್ಟೆಗೆ ಢಣ್ ಎಂದು ಬಡಿಯಿತು.

"ಮೇಲಿನ ರಸ್ತೆಗೆ ಕೊಟ್ಟರೆ ನಿಮ್ಮದಷ್ಟೇ ಅಲ್ಲ, ಊರಿನದೆಲ್ಲ ಹೀಗೇ ಬಂದು ನಿಮ್ಮ ಬಾಗಿಲು ತಟ್ಟುತ್ತೆ, ಮೊಸ್ಯೂ."

ಒಳಗಿನಿಂದ ಸೊಲಾಂಜ್ ಬಂದಳು. "ರಸ್ತೆ ಹತ್ತೋವಾಗ ದಿನಾ ಸೈಕಲ್ ಇಳಿದು ತಳ್ಕೊಂಡು ಹೋಗ್ತಿದ್ರಲ್ಲ, ಅದು ಮೊಣಕಾಲಿಗೆ ಮರೆತೇ ಹೋಯ್ತೇನ್ರೀ?"

ಇದ್ದದ್ದು ಒಂದೇ ದಾರಿ. ಕೆಳಗೆ ತೊರೆಯ ಪಕ್ಕದಲ್ಲೂ ಒಳಚರಂಡಿ ಹಾದುಹೋಗಿತ್ತು. ಅಲ್ಲಿಗೆ ಪೈಪು ಇಳಿಯಬೇಕಾದರೆ ನಡುವೆ ಮಾರ್ಸ್ಯಾಲನ ಹೊಲ. ಮಾರ್ಸ್ಯಾಲ್ ಮದುವೆಯಿಲ್ಲದ ಒಂಟಿ ಆಸಾಮಿ. ಅವನಿಗೂ ಒಕ್ತಾವನಿಗೂ ವರ್ಷಗಳಿಂದ ಮಾತಿಲ್ಲ. ಪ್ರತಿ ಸೆಪ್ಟೆಂಬರ್ ಕೊನೆಯಲ್ಲಿ ನಡೆಯುವ ತರಕಾರಿ ಸ್ಪರ್ಧೆಯಲ್ಲಿ ಮಾರ್ಸ್ಯಾಲನ ಕುಂಬಳಕಾಯಿಗೆ ಮೊದಲ ಸಲ ಪದಕ ಬಂದಾಗ ಒಕ್ತಾವ್, ಮೇಯರ್ ಮುಂದೆಯೇ, "ಈ ಕಾಯಲ್ಲಿ ಏನೋ ಮೋಸ ಇದೆ," ಅಂದುಬಿಟ್ಟಿದ್ದ. ಆಮೇಲೂ ಪ್ರತಿ ವರ್ಷ ಪದಕ ಅದೇ ಹೊಲಕ್ಕೆ ಹೋಯಿತು. ಪ್ರತಿ ಚಳಿಗಾಲ ಒಕ್ತಾವ್ ಹೆಂಡತಿ ಮಾಡಿದ ಕುಂಬಳದ ಸೂಪು ಸುರ್ರೆಂದು ಹೀರುತ್ತ, "ಇದು ನೋಡು, ಸಂತೆಯಿಂದ ತಂದ ಮರ್ಯಾದಸ್ಥ ಕುಂಬಳ. ಆ ಕಳ್ಳನದಲ್ಲ," ಎಂದು ಎರಡನೇ ಬಟ್ಟಲಿಗೆ ಕೈಚಾಚುತ್ತಿದ್ದ. ಸೊಲಾಂಜ್ ಮಾತಾಡದೆ ಬಡಿಸುತ್ತಿದ್ದಳು.

ಶುಕ್ರವಾರ ಬ್ರೆಡ್ಡಿನ ವ್ಯಾನು ಶಿಲುಬೆಯ ಕಲ್ಲಿನ ಹತ್ತಿರ ಹಾರನ್ ಹೊಡೆಯಿತು. ಸಾಲಿನಲ್ಲಿ ಒಕ್ತಾವ್, ಅವನ ಹಿಂದೆಯೇ ಮಾರ್ಸ್ಯಾಲ್.

"ಬ್ರಿಜಿತ್," ಎಂದ ಒಕ್ತಾವ್ ಬ್ರೆಡ್ಡು ಮಾರುವವಳಿಗೆ, "ನನ್ನ ಹಿಂದೆ ನಿಂತಿರೋರಿಗೆ ಹೇಳು, ಅವರ ಹೊಲದಲ್ಲಿ ಒಂದು ಪೈಪು ಹೋಗಬೇಕು. ಸಣ್ಣದು."

"ಬ್ರಿಜಿತ್, ನನ್ನ ಮುಂದೆ ನಿಂತಿರೋರಿಗೆ ಹೇಳು, ಆಗಲ್ಲ," ಎಂದ ಮಾರ್ಸ್ಯಾಲ್.

"ಆಗಲ್ವಂತೆ. ನಿಮಗೆ ಎರಡು ಉದ್ದದ್ದು, ಒಂದು ದುಂಡಂದು, ಅಲ್ವಾ?"

"ಯಾಕಾಗಲ್ಲ ಕೇಳು."

"ಯಾಕಂತೆ? ಬೇಗ ಹೇಳಿ, ನಾನು ಇನ್ನೂ ಮೂರು ಊರಿಗೆ ಹೋಗ್ಬೇಕು. ಸಂಧಾನದ ಅಂಗಡಿಯಲ್ಲ ಇದು."

"ಹಳೇ ಗುಂಡಿಗೇನಾಗಿದೆ?" ಎಂದ ಮಾರ್ಸ್ಯಾಲ್, ತನ್ನ ಬೂಟು ನೋಡುತ್ತ. "ಚೆನ್ನಾಗೇ ಕೆಲಸ ಮಾಡ್ತಿದೆಯಲ್ಲ. ಬಹಳ ಚೆನ್ನಾಗಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯಿದೆಯಲ್ಲ. ಇಲ್ಲಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಮಾರ್ಸ್ಯಾಲ್ ಹೆಗಲು ಒರೆಸಿಕೊಂಡಿದ್ದ. ಒಕ್ತಾವನಿಗೆ ಅದು ಹೊಳೆಯಲಿಲ್ಲ. ಮನೆಗೆ ಬಂದು ಅವನು ಆ ಮಾತನ್ನು ಹೇಳಿದಾಗ, ಬ್ರೆಡ್ಡು ಕೊಯ್ಯುತ್ತಿದ್ದ ಸೊಲಾಂಜಳ ಚಾಕು ಮಾತ್ರ ಅರ್ಧದಲ್ಲಿ ನಿಂತಿತು.

"ನಮ್ಮ ಗುಂಡಿ ಹೇಗಿದೆ ಅಂತ ಅವನಿಗೆ ಹೇಗೆ ಗೊತ್ತು? ಹೋಗಿ ನೀವೇ ಕೇಳಿ. ಬ್ರಿಜಿತ್ ಇಲ್ಲದೆ."

"ನಾನಾ? ಅವನ ಹತ್ರಾನಾ?"

ಸೊಲಾಂಜ್ ಚಾಕು ಕೆಳಗಿಟ್ಟು ಬಾಗಿಲ ಪಕ್ಕದ ಬಕೆಟ್ ತೋರಿಸಿದಳು. "ಈ ಬಕೆಟ್ ನಾನು ಮದುವೆಯಾಗಿ ಬಂದ ದಿನ ನಿಮ್ಮಮ್ಮ ಕೊಟ್ಟದ್ದು. ಅದರ ಹಿಡಿ ಎರಡು ಸಲ ಬದಲಾಯಿತು. ಹಿಡಿದ ಕೈ ಮಾತ್ರ ಅದೇ. ಮೊರಿಸೆಟ್ ಥರ ನನಗೆ ಎರಡು ಕಕ್ಕಸು ಬೇಡ, ಒಂದು ಸಾಕು. ನನ್ನ ಜನ ನನ್ನ ಮೇಜಿಗೆ ಕೂತು ಉಣ್ಣಬೇಕು, ಅಷ್ಟೇ."

ಅವಳು ದನಿ ಎತ್ತಿರಲಿಲ್ಲ. ಎತ್ತಿದ್ದರೆ ಒಕ್ತಾವ್ ವಾದಕ್ಕೆ ನಿಲ್ಲುತ್ತಿದ್ದ. ಈಗ ಟೋಪಿ ಹಾಕಿಕೊಂಡು ಹೊರಟ.

ಮಾರ್ಸ್ಯಾಲನ ಹೊಲಕ್ಕೆ ಕಾಲಿಟ್ಟವನು ಅಲ್ಲೇ ನಿಂತ. ಕುಂಬಳಕಾಯಿಗಳು ಸಾಲಾಗಿ ಕೂತಿದ್ದವು. ದೂರದವು ಮುಷ್ಟಿಯಷ್ಟು. ಹತ್ತಿರ ಬಂದಂತೆ ತಲೆಯಷ್ಟು, ಬುಟ್ಟಿಯಷ್ಟು. ಒಕ್ತಾವನ ಹಿತ್ತಿಲ ಗೋಡೆಗೆ ಒರಗಿಕೊಂಡು ಒಂದು ಮಹಾರಾಜ ಕುಂಬಳ, ಮೇದು ಮಲಗಿದ ಕರುವಿನ ಹಾಗೆ. ಗೋಡೆಯ ಬುಡ ತೇವವಾಗಿತ್ತು. ಒಕ್ತಾವ್ ಮೂಗು ಹಿಡಿದ. ಆ ವಾಸನೆ ಎಲ್ಲಿಯದೆಂದು ಅವನಿಗೆ ಯಾರೂ ವಿಳಾಸ ಹೇಳಬೇಕಾಗಿರಲಿಲ್ಲ.

"ಯಾವಾಗಿಂದ, ಮಾರ್ಸ್ಯಾಲ್?"

ಕಳೆ ಕೀಳುತ್ತಿದ್ದ ಮಾರ್ಸ್ಯಾಲ್ ತಲೆಯೆತ್ತದೆ ಹೇಳಿದ: "ನಿನ್ನ ಮಗಳ ಮದುವೆಯ ಮರುವಾರ. ನೀನು ಆ ಕಡೆ ಸಲಾಕೆ ಹಾಕಿ ತಿವೀತಿದ್ದೆ. ಈ ಕಡೆ ಗೋಡೆಯಿಂದ ಅದರ ಮೂತಿ ಹೊರಗೆ ಬಂತು. ನಾನು ಇಲ್ಲೇ ಕೂತಿದ್ದೆ."

"ಹೇಳಬಾರದಿತ್ತೇನೋ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಬಳ್ಳಿ ಹೂ ಬಿಡ್ತು."

ಇಬ್ಬರೂ ಸ್ವಲ್ಪ ಹೊತ್ತು ಹೂವಿನ ಕಡೆ ನೋಡಿದರು.

"ಆಮೇಲೆ ನೀನು ಎಲ್ಲರ ಮುಂದೆ ಮೋಸ ಅಂದೆ. ನಿಜ ಹೇಳಿದ್ರೆ ನನ್ನ ಪದಕ ಹೋಗ್ತಿತ್ತು, ನಿನ್ನ ಮಾನ ಹೋಗ್ತಿತ್ತು. ಎರಡನ್ನೂ ಉಳಿಸಿಕೊಂಡು ಬಂದಿದೀನಿ. ಮನಸ್ಸು ತಡೀದೆ ವರ್ಷಕ್ಕೊಂದು ಕಾಯಿ ಗೋಡೆ ಮೇಲೆ ಇಡ್ತಿದ್ದೆ, ಸೊಲಾಂಜ್‌ಗೆ ಅಂತ. ಸೂಪು ಮಾಡ್ತಿದ್ದಳಾ?"

ಮರ್ಯಾದಸ್ಥ ಕುಂಬಳ. ಎರಡೆರಡು ಬಟ್ಟಲು. ಒಕ್ತಾವ್ ಹತ್ತಿರ ಸಿಕ್ಕಿದ್ದರ ಮೇಲೆ ಕುಳಿತ.

"ಅದರ ಮೇಲೆ ಕೂರಬೇಡ," ಎಂದ ಮಾರ್ಸ್ಯಾಲ್. "ಸ್ಪರ್ಧೆಗೆ ಇರೋದು."

ಆ ಸಂಜೆ ಒಕ್ತಾವ್ ಹೆಂಡತಿಗೆ ಎಲ್ಲ ಹೇಳಿದ. ಸೊಲಾಂಜ್ ಸೂಪಿನ ಬಟ್ಟಲುಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಜೋಡಿಸಿದಳು. ಆಮೇಲೆ, "ಸೂಪು ಚೆನ್ನಾಗಿತ್ತಲ್ಲ," ಎಂದಳು. ಆ ಮಾತು ಅಲ್ಲಿಗೆ ಮುಗಿಯಿತು.

ಪೈಪಿಗೆ ಮಾರ್ಸ್ಯಾಲ್ ಒಪ್ಪಿದ. ಒಂದೇ ಷರತ್ತು: ಮಹಾರಾಜನನ್ನು ಮುಟ್ಟುವಂತಿಲ್ಲ. ಸ್ಪರ್ಧೆ ಜ್ಞಾನಸ್ನಾನದ ನಂತರ; ಅಲ್ಲಿಯವರೆಗೆ ಅದು ಬಳ್ಳಿಯಲ್ಲೇ ಇರಬೇಕು. ಇಬ್ಬರೂ ಕೂಡಿ ಅಗೆದರು. ಇಲಾಖೆಯ ಹೆಂಗಸು ಮತ್ತೆ ಬಂದಾಗ ನೆಟ್ಟಗೆ ಇಳಿಯುತ್ತಿದ್ದ ಕಾಲುವೆ ಒಂದು ಕಡೆ ಇದ್ದಕ್ಕಿದ್ದಂತೆ ಅರ್ಧ ಚಂದ್ರನಾಗಿ ಬಳಸಿಕೊಂಡು ಮತ್ತೆ ನೆಟ್ಟಗಾಗಿತ್ತು.

"ಇಲ್ಲೇಕೆ ಈ ತಿರುವು? ಬಂಡೆಯಾ?"

"ಕುಂಬಳಕಾಯಿ," ಎಂದರು ಇಬ್ಬರೂ ಒಟ್ಟಿಗೆ. ವರ್ಷಗಳ ನಂತರ ಅವರು ಒಮ್ಮತದಿಂದ ಆಡಿದ ಮೊದಲ ಮಾತು ಅದು.

ಅವಳು ಪೆತಾಂಕ್ ಚೆಂಡು ಬಿಟ್ಟಳು. ಅದು ತಿರುವಿನಲ್ಲಿ ಯೋಚಿಸಿ, ಕುಂಬಳಕ್ಕೆ ಪ್ರದಕ್ಷಿಣೆ ಬಂದು ತೊರೆಯ ಕಡೆ ಇಳಿದುಹೋಯಿತು. ಹಳೆಯ ಗುಂಡಿಗೆ ಮಣ್ಣು ಬಿತ್ತು. ಮಾರ್ಸ್ಯಾಲ್ ಟೋಪಿ ತೆಗೆದ.

ನಲ್ಲಿ ಬಂದ ದಿನ ಸೊಲಾಂಜ್ ಒಂದೇ ಒಂದು ಗಾಜಿನ ಲೋಟವನ್ನು ಅದರ ಕೆಳಗೆ ಹಿಡಿದು ತೊಳೆದಳು. ಲೋಟ ಎಂದೋ ಶುಭ್ರವಾಗಿತ್ತು. ಅವಳು ತೊಳೆಯುತ್ತಲೇ ಇದ್ದಳು. ಒಕ್ತಾವ್ ಹಳೆಯ ಬಕೆಟ್ಟನ್ನು ಒಯ್ದು ಹಿತ್ತಿಲಲ್ಲಿ ಬೋರಲು ಹಾಕಿದ.

ಭಾನುವಾರ ಚರ್ಚಿನಿಂದ ಬಂದ ನೆಂಟರಿಂದ ಮನೆ ತುಂಬಿತು. ಕುರಿತೊಡೆ ಬೆಂದಿತು, ವೈನ್ ಸುರಿಯಿತು, ಮಗು ಎಲ್ಲರ ಕೈ ದಾಟಿ ನಿದ್ದೆಹೋಯಿತು. ಮಾರ್ಸ್ಯಾಲನಿಗೆ ಸೊಲಾಂಜಳ ಪಕ್ಕದಲ್ಲೇ ಕುರ್ಚಿ. ಮೆಟ್ಟಿಲ ಕೆಳಗಿನ ಹೊಸ ಕಕ್ಕಸನ್ನು ಮೊದಲು ಪರೀಕ್ಷಿಸಿದವಳು ಮೊರಿಸೆಟ್. ನಂಬಿಕೆ ಬಾರದೆ ಎರಡನೇ ಸಲ ಹೋದಳು. ಸಿಹಿ ಬರುವ ಮೊದಲು ಮೂರನೇ ಸಲ. ಪ್ರತಿ ಸಲ ಒಳಗೆ ನೀರು ಭೋರ್ಗರೆದಾಗಲೂ ಮಾರ್ಸ್ಯಾಲ್ ಮುಳ್ಳುಚಮಚ ಕೆಳಗಿಟ್ಟು, ಪೈಪು ಹೋದ ದಿಕ್ಕಿಗೆ ಕಿವಿಗೊಟ್ಟು, "ಹೋಯ್ತು," ಎನ್ನುತ್ತಿದ್ದ.

"ಯಾರು ಹೋದರು, ಪಾಪ?" ಎಂದು ಕೇಳಿದಳು ಬಂದು ಕುಳಿತ ಮೊರಿಸೆಟ್.

"ನಿಮಗೆ ಪರಿಚಯ ಇಲ್ಲ, ಮದಾಂ. ಮುಂದಿನ ವರ್ಷ ನನ್ನ ಹೊಲದಲ್ಲಿ ಹುಟ್ಟಬೇಕಾಗಿದ್ದೋರು."

ಒಕ್ತಾವ್ ಇದನ್ನು ಕೇಳಿಸಿಕೊಂಡ. ಸ್ವಲ್ಪ ಹೊತ್ತು ಬ್ರೆಡ್ಡಿನ ಪುಡಿಯನ್ನು ಬೆರಳಲ್ಲಿ ಒತ್ತುತ್ತ ಕೂತಿದ್ದು, ಲೋಟದ ವೈನ್ ಪೂರ್ತಿ ಕುಡಿದು ಎದ್ದ. ಮೇಜಿನವರೆಲ್ಲ ನಗುತ್ತ ಮೆಟ್ಟಿಲ ಕಡೆ ಕಿವಿಯಿಟ್ಟರು: ಯಜಮಾನನ ಸರದಿ. ಚಿಲಕದ ಸದ್ದಿಲ್ಲ. ನೀರಿನ ಸದ್ದೂ ಇಲ್ಲ.

ಮೊರಿಸೆಟ್ ಕಿಟಕಿಗೆ ಬಗ್ಗಿದಳು. "ಸೊಲಾಂಜ್, ಇಷ್ಟು ಕಷ್ಟಪಟ್ಟು ಕಕ್ಕಸು ಕಟ್ಟಿಸಿ ನಿನ್ನ ಗಂಡ ಹಿತ್ತಿಲ ಗೋಡೆ ಮೇಲೆ ನಿಂತು ಹೊಲದ ಕಡೆ ತಿರುಗಿಕೊಂಡು ಏನು ಮಾಡ್ತಿದ್ದಾರೆ?"

ಮಾರ್ಸ್ಯಾಲನ ಮುಖ ಬೆಳಗಿತು. ಸೊಲಾಂಜ್ ಎದ್ದುಹೋಗಿ ನಿಧಾನವಾಗಿ ಪರದೆ ಎಳೆದಳು.

"ಹಳೇ ಅಂಚೆಯವರು ನೋಡು," ಎಂದಳು. "ವಿಳಾಸ ಬದಲಾದರೂ ಬಟವಾಡೆ ನಿಲ್ಲಿಸೋಕೆ ಮನಸ್ಸು ಬರಲ್ಲ."